ಎಳ್ಳು ಬೀಳುವಷ್ಟು ಜಾಗ

ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ ಅಂತ ನಾವು ಜಾತ್ರೆಯ ಬಗ್ಗೆ ಹೇಳುವ ಮಾತು ಸಂಜೆ ಆರೂವರೆಯ ಹೊತ್ತಿಗೆ ಮುಂಬಯಿಯ ದಾದರ್ ಸ್ಟೇಷನ್ನಿನ ಪಾದಚಾರಿ ಸೇತುವೆಗೆ ಚೆನ್ನಾಗಿ ಒಪ್ಪುತ್ತದೆ. ಅದೇ ಸೇತುವೆಯನ್ನು ಬರೀ ಪೆನ್ನಿನ ಗೆರೆಯಲ್ಲಿ ಬಿಡಿಸಿದ ಒಂದು ಒಳ್ಳೆಯ ಚಿತ್ರವನ್ನು ಮುಂದಿಟ್ಟುಕೊಳ್ಳಿ. ಬಣ್ಣವಿಲ್ಲ, ನೆರಳಿಲ್ಲ. ಕಾಗದದ ಬಹುಪಾಲು ಬೆಳ್ಳಗೆ ಹಾಗೇ ಇದೆ. ಒಂದು ಹಿಡಿ ಎಳ್ಳು ಚೆಲ್ಲಿದರೆ ಹೆಚ್ಚಿನದೆಲ್ಲ ಖಾಲಿ ಜಾಗಕ್ಕೇ ಬೀಳುತ್ತದೆ. ಆದರೂ ನೋಡುವವರಿಗೆ ಭುಜಕ್ಕೆ ಭುಜ ತಾಕಿ, ಹಿಂದಿನವರ ಬ್ಯಾಗು ಬೆನ್ನಿಗೆ ಒತ್ತಿದಂತಾಗುತ್ತದೆ.

ಇಂಥ ಚಿತ್ರ ಕಂಡಾಗ 'ನಾಲ್ಕು ಗೀಟು ಎಳೆದಿದ್ದಾರೆ' ಅಂದು ಮುಂದೆ ಹೋಗುವವರೇ ಜಾಸ್ತಿ. ಬಣ್ಣ ತುಂಬಿದ್ದರೆ, ಕಿಟಕಿಗೆ ಕಿಟಕಿ ಎಣಿಸಿ ಬರೆದಿದ್ದರೆ ಶ್ರಮ ಕಣ್ಣಿಗೆ ಕಾಣುತ್ತದೆ, ಮೆಚ್ಚುವುದೂ ಸುಲಭ. ಸರಳ ಗೆರೆಯ ಚಿತ್ರದಲ್ಲಿ ಶ್ರಮ ಗೆರೆ ಇಲ್ಲದ ಕಡೆ ಇರುತ್ತದೆ. ಅದನ್ನು ನೋಡಲು ಒಂದೇ ಉಪಾಯ. ಗೆರೆ ಎಲ್ಲಿ ಹೋಗುತ್ತಿದೆ ಅಂತ ನೋಡುವ ಬದಲು ಎಲ್ಲಿ ನಿಂತಿದೆ ಅಂತ ನೋಡುತ್ತಾ ಹೋಗಬೇಕು.

ಮೊದಲು ತಲೆ ಎಣಿಸಿ. ಎ5 ಅಳತೆಯ ಪುಟದಲ್ಲಿ ಸೇತುವೆ ತುಂಬ ಜನ ಇದ್ದಾರೆ ಅನ್ನಿಸುವ ಚಿತ್ರದಲ್ಲಿ ತಲೆಯಿಂದ ಪಾದದವರೆಗೆ ಪೂರ್ತಿ ಬರೆದ ಮನುಷ್ಯರು ಐದೋ ಆರೋ ಇರುತ್ತಾರೆ. ಅವರ ಹಿಂದೆ ಸೊಂಟದವರೆಗೆ ಕಾಣುವವರು ಎಂಟು ಹತ್ತು ಮಂದಿ. ಅವರ ಹಿಂದೆ ಬರೀ ತಲೆ ಮತ್ತು ಒಂದು ಭುಜ, ಹದಿನೈದಿಪ್ಪತ್ತು. ಅದರಾಚೆ ಮನುಷ್ಯರೇ ಇಲ್ಲ. ಮರಳಿನ ಮೇಲೆ ಅಲೆ ಬಿಟ್ಟು ಹೋದ ಅಂಚಿನಂಥ ಒಂದು ಅಂಕುಡೊಂಕು ಗೆರೆ ಅಷ್ಟೆ. ಮುಂದಿನ ಐವರನ್ನು ನಂಬಿಕೆ ಬರುವಂತೆ ಬರೆದಿದ್ದರೆ ಕಣ್ಣು ಆ ಅಂಕುಡೊಂಕನ್ನೂ ತಾನಾಗಿಯೇ ಜನ ಅಂತ ಓದಿಕೊಳ್ಳುತ್ತದೆ. ನಲವತ್ತು ಮಂದಿಯನ್ನೂ ಬಿಡದೆ ಪೂರ್ತಿ ಬರೆದ ಚಿತ್ರದಲ್ಲಿ ಇದು ಆಗುವುದಿಲ್ಲ. ಅಲ್ಲಿ ಸರಿಯಾಗಿ ನಲವತ್ತು ಮಂದಿಯೇ ಇರುತ್ತಾರೆ, ಗುಂಪು ಇರುವುದಿಲ್ಲ.

ಈ ಅಂಕುಡೊಂಕು ಗೆರೆಯಲ್ಲೂ ಒಳ್ಳೆಯದು ಕೆಟ್ಟದ್ದು ಉಂಟು. ತೋರಣದ ಕಮಾನುಗಳ ಹಾಗೆ ಒಂದೇ ಅಳತೆಯ ಉಬ್ಬುಗಳು ಸಾಲಾಗಿ ಬಂದರೆ ಅದು ಜನರ ತಲೆಯಾಗದೆ ಮಕ್ಕಳ ಪುಸ್ತಕದ ಮೋಡವಾಗುತ್ತದೆ. ಪಳಗಿದ ಕೈ ಎರಡು ಉಬ್ಬು ಹತ್ತಿರ ಹತ್ತಿರ ಇಟ್ಟು ಮೂರನೆಯದನ್ನು ತುಸು ತಗ್ಗಿಸುತ್ತದೆ, ನಾಲ್ಕನೆಯದರ ಬದಲು ಒಂದು ಕೊಡೆಯ ತುದಿಯನ್ನೋ ತಲೆಹೊರೆಯ ಮೂಲೆಯನ್ನೋ ಇಡುತ್ತದೆ, ಆಮೇಲೆ ಗೆರೆಯನ್ನೇ ಒಂದಿಷ್ಟು ದೂರ ಕಡಿದುಬಿಡುತ್ತದೆ. ಕಡಿದ ಜಾಗದಲ್ಲೂ ಜನ ಇದ್ದಾರೆ ಅಂತಲೇ ನಮಗೆ ಅನ್ನಿಸುತ್ತದೆ.

ಇನ್ನು ಮುಂದಿನ ಸಾಲಿಗೆ ಬನ್ನಿ. ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ ಅಂತ ಬರೀ ಗೆರೆಯಲ್ಲಿ ಹೇಳುವುದು ಹೇಗೆ? ಹಿಂದಿನವನ ಭುಜದ ಗೆರೆ ಮುಂದಿನವನ ತೋಳಿನ ಗೆರೆಗೆ ಬಂದು ಮುಟ್ಟಿ ನಿಲ್ಲಬೇಕು. ಇಂಗ್ಲಿಷಿನ ಟಿ ಅಕ್ಷರವನ್ನು ಮಲಗಿಸಿದ ಹಾಗೆ. ನಿಂತ ಗೆರೆ ಹಿಂದಿನದು, ಕಡಿಯದೆ ಸಾಗಿದ ಗೆರೆ ಮುಂದಿನದು. ಗುಂಪಿನ ಚಿತ್ರದ ವ್ಯಾಕರಣವೆಲ್ಲ ಈ ಒಂದು ಕೂಡಿಕೆಯ ಮೇಲೆ ನಿಂತಿದೆ ಅಂದರೂ ಸರಿ. ಇನ್ನೂ ನುರಿತವರು ಹಿಂದಿನ ಗೆರೆಯನ್ನು ಮುಟ್ಟಿಸುವುದೂ ಇಲ್ಲ. ಅರ್ಧ ಮಿಲಿಮೀಟರ್ ಮೊದಲೇ ನಿಲ್ಲಿಸುತ್ತಾರೆ. ಆ ಕೂದಲೆಳೆಯ ಬಿಳಿಯಲ್ಲಿ ಇಬ್ಬರ ನಡುವೆ ಗಾಳಿ ಆಡುತ್ತದೆ.

ಕೆಡುವುದೂ ಇಲ್ಲೇ. ಎರಡು ಗೆರೆಗಳು ಒಂದನ್ನೊಂದು ದಾಟದೆ, ದೂರವೂ ಉಳಿಯದೆ, ಬರೀ ಸವರಿಕೊಂಡು ನಿಂತರೆ ಹಿಂದು ಮುಂದು ಎರಡೂ ಒಂದೇ ತಟ್ಟೆಗೆ ಬಂದು ಅಂಟಿಕೊಳ್ಳುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ನಿಂತವನ ನೆತ್ತಿ ಸರಿಯಾಗಿ, ರೈಲಿನ ಸಮಯ ತೋರಿಸುವ ಇಂಡಿಕೇಟರ್ ಪೆಟ್ಟಿಗೆಯ ಕೆಳಂಚಿಗೆ ತಾಗಿದರೆ ಅವನು ಅದನ್ನು ಹೊತ್ತುಕೊಂಡ ಹಾಗೆ ಕಾಣುತ್ತಾನೆ. ಕಂಬದ ಗೆರೆ ಒಬ್ಬರ ಬೆನ್ನಿನ ಗೆರೆಯೊಂದಿಗೆ ಒಂದಾದರೆ ಬೆನ್ನೇ ಮಾಯ. ಪರಿಹಾರ ಸುಲಭ, ಆದರೆ ಪೆನ್ನು ಕಾಗದಕ್ಕೆ ತಾಗುವ ಮೊದಲೇ ಹೊಳೆಯಬೇಕು. ತಲೆಯನ್ನು ಪೆಟ್ಟಿಗೆಯ ಗೆರೆಗೆ ಅಡ್ಡ ಬರುವಷ್ಟು ಮೇಲೆ ಇಡಿ, ಇಲ್ಲವೇ ಬೆರಳಗಲ ಕೆಳಗೆ ಇಡಿ. ನಿಜದಲ್ಲಿ ಅವನು ಎಲ್ಲಿದ್ದ ಅನ್ನುವುದಕ್ಕಿಂತ ಕಾಗದದ ಮೇಲೆ ಎಲ್ಲಿ ತಿಳಿಯಾಗಿ ಕಾಣುತ್ತಾನೆ ಅನ್ನುವುದು ಮುಖ್ಯ.

ಮಾಟುಂಗದ ಹೂವಿನ ಅಂಗಡಿಗಳ ಮುಂದಿನ ಬೆಳಗಿನ ಗದ್ದಲವನ್ನು ಬರೆದ ಪುಟದಲ್ಲಿ ಒಬ್ಬಳು ಹೆಂಗಸು ನಮಗೆ ಬೆನ್ನು ತಿರುಗಿಸಿ ನಿಂತಿದ್ದಾಳೆ ಅಂದುಕೊಳ್ಳಿ. ಅವಳೊಬ್ಬಳನ್ನೇ ಹತ್ತಿರದಿಂದ ನೋಡೋಣ. ಮೊದಲ ಗೆರೆ ಎಡ ಕುತ್ತಿಗೆಯ ಬುಡದಿಂದ ಹೊರಟು ಭುಜ ಇಳಿದು ಮೊಣಕೈ ಹತ್ತಿರ ಕಡಿಯುತ್ತದೆ. ತೋಳು ಮುಂದಕ್ಕೆ ಮಡಚಿದೆ, ಚೀಲ ಎದೆಗೆ ಒತ್ತಿದೆ ಅಂತ ಅಷ್ಟರಿಂದಲೇ ತಿಳಿಯುತ್ತದೆ. ಎರಡನೆಯದು ಸೆರಗು. ಜನರ ನಡುವೆ ನಡೆಯುವಾಗ ಹೆಂಗಸರು ಸೆರಗನ್ನು ಬೆನ್ನ ಮೇಲಿಂದ ಸುತ್ತಿ ತಂದು ಬಲ ಸೊಂಟಕ್ಕೆ ಸಿಕ್ಕಿಸುತ್ತಾರಲ್ಲ, ಆ ಓರೆ ಗೆರೆ. ಎಡ ಭುಜದಿಂದ ಬಲ ಸೊಂಟಕ್ಕೆ ಒಂದೇ ಎಳೆತ. ಸೊಂಟದ ಹತ್ತಿರ ಪೆನ್ನು ಒಂದು ಕ್ಷಣ ತಡೆದಿದೆ, ಅಲ್ಲಿ ಶಾಯಿ ಚೂರು ದಪ್ಪ. ಆ ದಪ್ಪವೇ ಗಂಟಿನಂತೆ ಕಾಣುತ್ತದೆ. ಮೂರನೆಯದು ನೆಲಕ್ಕೆ ಇಳಿದ ಸೀರೆಯ ಅಂಚು, ಬಲಗಡೆ ಮಾತ್ರ. ಎಡಗಡೆ ಗೆರೆಯೇ ಇಲ್ಲ, ಯಾಕೆಂದರೆ ಬಿಸಿಲು ಆ ಕಡೆಯಿಂದ ಬರುತ್ತಿದೆ.

ತಲೆಗೆ ಬಂದರೆ, ತುರುಬಿನ ಮಲ್ಲಿಗೆಯನ್ನು ಯಾರೂ ಬರೆದಿಲ್ಲ. ಸುತ್ತ ಕೂದಲನ್ನು ಗಟ್ಟಿ ಕಪ್ಪು ಮಾಡಿ, ಹೂವಿನ ದಂಡೆ ಇರುವ ಕಡೆ ಕಾಗದವನ್ನು ಬಿಟ್ಟಿದ್ದಾರೆ. ಕಪ್ಪಿನ ಒಳಂಚು ತುಸು ಗುಳ್ಳೆಗುಳ್ಳೆಯಾಗಿದೆ, ಅಷ್ಟೆ. ಇಡೀ ಪುಟದಲ್ಲಿ ಗಟ್ಟಿ ಕಪ್ಪು ಇರುವುದು ಅದೊಂದೇ ಕಡೆ. ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಅಲ್ಲಿಂದ ಸೆರಗಿನ ಓರೆ ಹಿಡಿದು ಕೆಳಗಿಳಿದು ಅಂಗಡಿಯ ಬುಟ್ಟಿಗಳ ಕಡೆ ಸರಿಯುತ್ತದೆ. ಮೂರು ಗೆರೆ, ಒಂದು ಕಪ್ಪು ಚುಕ್ಕೆ. ಇನ್ನೊಂದು ಗೆರೆ ಸೇರಿಸಿದ್ದರೆ, ಉದಾಹರಣೆಗೆ ಸೀರೆಯ ನಿರಿಗೆಗಳನ್ನೋ ರವಿಕೆಯ ತೋಳಿನ ಅಂಚನ್ನೋ ಎಳೆದಿದ್ದರೆ, ಅವಳು ಗುಂಪಿನಿಂದ ಹೊರಗೆ ಬಂದು ಫೋಟೋಗೆ ನಿಂತವಳ ಹಾಗೆ ಆಗುತ್ತಿದ್ದಳು.

ರಂಗೋಲಿ ನೋಡಿ ಬೆಳೆದ ನಮಗೆ ಇದು ಹೊಸತೇನಲ್ಲ. ಬೆರಳ ಸಂದಿನಿಂದ ಪುಡಿ ಬಿಡುತ್ತಾ ಎಳೆ ಎಳೆಯುವವರಿಗೆ ನಡುವೆ ತಿದ್ದಲು ಬರುವುದಿಲ್ಲ. ಅಳಿಸಿದರೆ ಕಲೆ ಉಳಿಯುತ್ತದೆ. ಎಳೆ ಒಂದೇ ದಪ್ಪಕ್ಕೆ, ಒಂದೇ ಓಟಕ್ಕೆ ಬರಬೇಕು. ಅಂಗಳದಲ್ಲಿ ಅಂಥ ಎಳೆ ಕಂಡರೆ ನಾವು ಕೈಯನ್ನು ಹೊಗಳುತ್ತೇವೆ. ಕಾಗದದ ಮೇಲೆ ಕಂಡಾಗಲೂ ಅದೇ ಕಣ್ಣಿಟ್ಟು ನೋಡಬೇಕು ಅನ್ನುವುದು ನನ್ನ ಆಸೆ. ಒಂದು ಭೇದ ಮಾತ್ರ ಇದೆ. ರಂಗೋಲಿಯ ಎಳೆ ಹೊರಟಲ್ಲಿಗೇ ಬಂದು ಸೇರಬೇಕು, ಗುಂಪಿನ ಚಿತ್ರದ ಗೆರೆ ಸೇರಬಾರದು. ಪ್ರತಿ ಮನುಷ್ಯನ ಸುತ್ತ ಗೆರೆ ಮುಚ್ಚಿಕೊಂಡರೆ ಅವರೆಲ್ಲ ಕತ್ತರಿಸಿ ಅಂಟಿಸಿದ ಕಾಗದದ ಗೊಂಬೆಗಳಾಗುತ್ತಾರೆ.

ನೋಡುವವರು ಸಾಮಾನ್ಯವಾಗಿ ಗಮನಿಸದ, ಆದರೆ ತಪ್ಪಾದರೆ ತಕ್ಷಣ ಮುಜುಗರ ಕೊಡುವ ಸಂಗತಿ ಕಣ್ಣಿನ ಮಟ್ಟ. ಸಮನೆಲದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬರೆದರೆ, ಬರೆಯುವವರಷ್ಟೇ ಎತ್ತರದ ಎಲ್ಲರ ಕಣ್ಣೂ ಒಂದೇ ಅಡ್ಡಗೆರೆಯ ಮೇಲೆ ಬರುತ್ತದೆ, ಅವರು ಎರಡು ಮೀಟರ್ ದೂರದಲ್ಲಿರಲಿ ಐವತ್ತು ಮೀಟರ್ ದೂರದಲ್ಲಿರಲಿ. ಬದಲಾಗುವುದು ಪಾದ ಮಾತ್ರ. ಹತ್ತಿರದವರ ಪಾದ ಪುಟದ ತಳಕ್ಕೆ, ದೂರದವರದ್ದು ಮೇಲಕ್ಕೆ. ಕಲಿಯುವವರು ಮಾಡುವ ತಪ್ಪು ಇದರ ತಿರುಗುಮುರುಗು. ಪಾದಗಳನ್ನೆಲ್ಲ ಒಂದೇ ಸಾಲಿಗೆ ಇಟ್ಟು ದೂರದವರ ತಲೆಯನ್ನು ತಗ್ಗಿಸುತ್ತಾರೆ. ಆಗ ಹಿಂದಿನವರು ದೂರ ಹೋಗುವುದಿಲ್ಲ, ಕುಳ್ಳಗಾಗುತ್ತಾರೆ. ಬೆಂಚಿನ ಮೇಲೆ ಕೂತು ಬರೆದರೆ ಕಣ್ಣಿನ ಮಟ್ಟ ನೆಲದಿಂದ ಸುಮಾರು 1.2 ಮೀಟರ್‌ಗೆ ಇಳಿಯುತ್ತದೆ, ಅಂದರೆ ನಿಂತವರ ಎದೆಯ ಹತ್ತಿರ. ಆ ಗೆರೆ ಎಲ್ಲರ ಎದೆಯನ್ನೂ ದಾಟಬೇಕು. ಹತ್ತಿರದವರ ತಲೆ ಮುಗಿಲಿಗೆ ಏರುತ್ತದೆ, ದೂರದವರದ್ದು ಗೆರೆಯ ಕಡೆ ಇಳಿಯುತ್ತದೆ.

ಸೇತುವೆ ಮೇಲಿಂದ ಬರೆಯುವಾಗಿನ ಲೆಕ್ಕ ಇನ್ನೂ ಸೊಗಸು. ರೈಲು ಸೇತುವೆಯ ನೆಲ ಪ್ಲಾಟ್‌ಫಾರ್ಮಿನಿಂದ ಹತ್ತಿರ ಹತ್ತಿರ 6 ಮೀಟರ್ ಮೇಲಿದೆ ಅನ್ನೋಣ. ಅದರ ಮೇಲೆ ನಿಂತವರ ಕಣ್ಣು ಇನ್ನೊಂದು ಒಂದೂವರೆ ಮೀಟರ್, ಒಟ್ಟು ಏಳೂವರೆ. ಕೆಳಗೆ ನಡೆಯುವ ಮನುಷ್ಯ 1.6 ಮೀಟರ್. ಏಳೂವರೆಯಲ್ಲಿ 1.6 ಅಂದರೆ ಸುಮಾರು ಐದನೇ ಒಂದು ಪಾಲು. ಹಾಗಾಗಿ ಕಾಗದದ ಮೇಲೆ ಪಾದ ಎಲ್ಲಿ ಬೇಕಾದರೂ ಇಡಿ, ಅಲ್ಲಿಂದ ಕಣ್ಣಿನ ಮಟ್ಟದ ಗೆರೆಗೆ ಇರುವ ದೂರವನ್ನು ಐದು ಪಾಲು ಮಾಡಿ, ಕೆಳಗಿನ ಒಂದು ಪಾಲು ಮನುಷ್ಯನ ಎತ್ತರ. ಕಣ್ಣಿನ ಮಟ್ಟದಿಂದ 10 ಸೆಂಟಿಮೀಟರ್ ಕೆಳಗೆ ಪಾದ ಇದ್ದರೆ 2 ಸೆಂಟಿಮೀಟರ್ ಮನುಷ್ಯ, 5 ಸೆಂಟಿಮೀಟರ್ ಕೆಳಗಿದ್ದರೆ 1 ಸೆಂಟಿಮೀಟರ್. ಈ ಅನುಪಾತ ಒಮ್ಮೆ ಕೈಗೆ ಕೂತರೆ ಯಾರನ್ನೂ ಅಳೆಯಬೇಕಾಗಿಲ್ಲ. ಮಾಟುಂಗದ ಪೂರ್ವ ಪಶ್ಚಿಮಗಳನ್ನು ಸೇರಿಸುವ ಝಡ್ ಸೇತುವೆಯ ಮೇಲೆ ಹೀಗೆ ಕೆಳಗೆ ನೋಡುತ್ತಾ ಬರೆಯಲು ಒಳ್ಳೆಯ ಜಾಗಗಳಿವೆ. ಕಟಕಟೆಗೆ ಒರಗಿ ನಿಂತರೆ ದಾರಿಹೋಕರಿಗೂ ಅಡ್ಡಿಯಿಲ್ಲ.

ತಲೆಯ ಗಾತ್ರ ಇನ್ನೊಂದು ಗಂಡಾಂತರ. ದೊಡ್ಡವರ ಮೈ ಏಳರಿಂದ ಏಳೂವರೆ ತಲೆಯಷ್ಟು ಉದ್ದ. ನಮ್ಮ ಗಮನವೆಲ್ಲ ಮುಖದ ಮೇಲೆ ಇರುವುದರಿಂದ ಕೈ ತಾನಾಗಿ ತಲೆಯನ್ನು ಹಿಗ್ಗಿಸಿ ಮೈಯನ್ನು ಐದು ತಲೆಗೆ ಮುಗಿಸುತ್ತದೆ. ಆಗ ದಾದರಿನ ಗುಂಪು ಶಾಲೆ ಬಿಟ್ಟ ಮಕ್ಕಳಂತೆ ಕಾಣುತ್ತದೆ. 2 ಸೆಂಟಿಮೀಟರ್ ಮನುಷ್ಯನಿಗೆ ತಲೆ 3 ಮಿಲಿಮೀಟರಿಗೂ ಕಡಿಮೆ. ಸಂದೇಹ ಬಂದರೆ ಇನ್ನೂ ಸಣ್ಣದು ಮಾಡಿ, ಕೆಡುವುದಿಲ್ಲ. ಅಷ್ಟು ಸಣ್ಣ ತಲೆಯಲ್ಲಿ ಕಣ್ಣು ಮೂಗು ಬರೆಯಹೋಗಬೇಡಿ. ಕುತ್ತಿಗೆ ಯಾವ ಕಡೆ ವಾಲಿದೆ ಅನ್ನುವುದೇ ಮುಖಭಾವ. ಲೋಕಲ್ ರೈಲು ಬರುವ ದಿಕ್ಕಿಗೆ ಕತ್ತು ಚಾಚಿದವನ ತಲೆ ಭುಜದ ಗೆರೆಯಿಂದ ಮುಂದಕ್ಕೆ ಜಾರಿರುತ್ತದೆ, ಮೊಬೈಲ್ ನೋಡುವವನದ್ದು ಎದೆಯ ಮೇಲೆ ಬಾಗಿ ಕುತ್ತಿಗೆಯೇ ಕಾಣುವುದಿಲ್ಲ. ಮುಂಬಯಿಯ ಪ್ಲಾಟ್‌ಫಾರ್ಮ್ ಬರೆಯಲು ಈ ಎರಡು ತಲೆ ಸಾಕು ಅನ್ನಬಹುದು.

ನಿಲುವಿನ ಗುಟ್ಟು ಕುತ್ತಿಗೆಯ ಗುಳಿಯಲ್ಲಿದೆ. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತವರ ಕುತ್ತಿಗೆ ಗುಳಿಯಿಂದ ತೂಗುಗುಂಡು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಮೇಲೆ ಬೀಳುತ್ತದೆ. ಆ ಕಡೆಯ ಸೊಂಟ ಮೇಲೆ, ಅದೇ ಕಡೆಯ ಭುಜ ಕೆಳಗೆ. ಕಾಯುವ ಜನರೆಲ್ಲ ಹೀಗೆಯೇ ನಿಲ್ಲುತ್ತಾರೆ, ಎರಡೂ ಕಾಲಿನ ಮೇಲೆ ಸಮನಾಗಿ ನಿಲ್ಲುವವರು ಕವಾಯತಿನ ಪೊಲೀಸರು ಮಾತ್ರ. ಭುಜದ ಓರೆ, ಸೊಂಟದ ಎದುರು ಓರೆ, ಒಂದು ನೇರ ಕಾಲು, ಒಂದು ಸಡಿಲ ಕಾಲು. ನಾಲ್ಕೇ ಎಳೆತ. ನಡೆಯುವವರಿಗೆ ಇನ್ನೂ ಕಡಿಮೆ ಸಾಕು. ದೂರದಲ್ಲಿ ನಡೆಯುವವರನ್ನು ಗಜ್ಜರಿಯ ಆಕಾರದಲ್ಲಿ ಬರೆಯುವ ಪದ್ಧತಿ ಇದೆ. ಮೇಲೆ ಭುಜದ ಅಗಲ, ಕೆಳಗೆ ಒಂದೇ ಚೂಪು, ಮೇಲೊಂದು ಚುಕ್ಕೆ ತಲೆ. ಎರಡು ಪಾದ ಬರೆದರೆ ನಿಂತ ಹಾಗೆ, ಒಂದೇ ಚೂಪು ಬಿಟ್ಟರೆ ಹೆಜ್ಜೆ ಎತ್ತಿದ ಹಾಗೆ.

ಹೊರೆ ಹೊತ್ತವರನ್ನು ಬರೆಯುವಾಗ ಕುತ್ತಿಗೆ ಮಾಯವಾಗಬೇಕು. ತಲೆಯ ಮೇಲೆ ಭಾರ ಇದ್ದಾಗ ಭುಜ ಮೇಲೇರಿ ಗದ್ದ ಒಳಸರಿದು ತಲೆ ಎದೆಗೇ ಕೂತ ಹಾಗಾಗುತ್ತದೆ. ಹನ್ನೊಂದು ಗಂಟೆ ದಾಟಿದ ಮೇಲೆ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಡಬ್ಬಾವಾಲಾಗಳು ಊಟದ ಡಬ್ಬಿ ಜೋಡಿಸಿದ ಉದ್ದನೆಯ ಮರದ ಕ್ರೇಟನ್ನು ತಲೆ ಮೇಲೆ ಇಟ್ಟು ಹೊರಬರುವಾಗ ನೋಡಿ. ಗುಂಪಿನ ಚಿತ್ರವೆಂದರೆ ನೂರಾರು ನಿಂತ ಗೆರೆಗಳು. ಅವುಗಳ ನಡುವೆ ಆ ಕ್ರೇಟು ಒಂದೇ ಒಂದು ಉದ್ದದ ಮಲಗಿದ ಗೆರೆ. ಅದು ಬಂದ ತಕ್ಷಣ ಇಡೀ ಪುಟಕ್ಕೆ ಒಂದು ತೊಲೆ ಸಿಕ್ಕಿದ ಹಾಗಾಗುತ್ತದೆ. ಆ ಗೆರೆಯನ್ನು ಸ್ಕೇಲು ಹಿಡಿದ ಹಾಗೆ ನೇರವಾಗಿ ಎಳೆದರೆ ಕೆಟ್ಟಿತು. ಮುಂದಿನ ತುದಿ ತುಸು ತಗ್ಗಬೇಕು, ಆಗ ಅವನ ಓಟ ಬರುತ್ತದೆ. ಸುತ್ತ ಒಂದು ಆಳಿನ ಅಗಲ ಖಾಲಿ ಬಿಡಬೇಕು, ಯಾಕೆಂದರೆ ನಿಜದಲ್ಲೂ ಜನ ಅವನಿಗೆ ದಾರಿ ಬಿಡುತ್ತಾರೆ.

ಜನ ಎಲ್ಲೂ ಸಮನಾಗಿ ಹರಡಿರುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ದಿನಾ ಓಡಾಡುವವರಿಗೆ ರೈಲು ಡಬ್ಬಿಯ ಬಾಗಿಲು ಎಲ್ಲಿ ಬರುತ್ತದೆ ಅಂತ ಗೊತ್ತಿರುತ್ತದೆ. ಅಲ್ಲಿ ಮಾತ್ರ ಒತ್ತೊತ್ತಾಗಿ ಗುಂಪುಗೂಡಿ ನಡುವೆ ನೆಲ ಕಾಣುತ್ತದೆ. ಇದನ್ನು ಕಂಡುಕೊಂಡ ಚಿತ್ರದಲ್ಲಿ ಕಣ್ಣಿಗೆ ಕುಳಿತುಕೊಳ್ಳಲು ಜಾಗ ಇರುತ್ತದೆ. ಆರು ಮಂದಿಯ ಗುಂಪನ್ನು ಮೊದಲು ಒಟ್ಟು ಹೊರಗೆರೆಯಾಗಿ ಎಳೆದು, ಆಮೇಲೆ ಒಳಗೆ ಎಲ್ಲಿ ಯಾರ ತೋಳು ಯಾರ ಬೆನ್ನಿಗೆ ಮರೆಯಾಗಿದೆ ಅಂತ ಎರಡು ಮೂರು ತುಂಡು ಗೆರೆ ಹಾಕಿದರೆ ಸಾಕು. ಒಬ್ಬೊಬ್ಬರನ್ನೇ ಬರೆದು ಗುಂಪು ಕಟ್ಟುವುದು ಇಟ್ಟಿಗೆ ಇಟ್ಟು ಮರ ಬೆಳೆಸಿದ ಹಾಗೆ.

ಇಷ್ಟೆಲ್ಲ ಓದಿದ ಮೇಲೆ ಹೋಗಿ ನೋಡಬಹುದಾದ ಗೆರೆಗಳು ಈ ಊರಿನಲ್ಲೇ ಬೇಕಾದಷ್ಟಿವೆ. ಕೊಲಾಬಾದ ಕೆಫೆ ಮೊಂಡೆಗಾರ್‌ನ ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಬಿಡಿಸಿದ ಮುಂಬಯಿ ಇದೆ. 1926ರಲ್ಲಿ ದಮನ್‌ನಲ್ಲಿ ಹುಟ್ಟಿ, ಗೋವಾದ ಲೋಟಲಿಯ ಮನೆಯಲ್ಲಿ 2011ರಲ್ಲಿ ತೀರಿಕೊಂಡ ಮಾರಿಯೋ ಚಿತ್ರಕಲೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಅವರ ಗುಂಪು ಈವರೆಗೆ ಹೇಳಿದ್ದಕ್ಕೆ ತದ್ವಿರುದ್ಧ. ಮೂಲೆ ಮೂಲೆಯೂ ತುಂಬಿರುತ್ತದೆ, ಪ್ರತಿಯೊಬ್ಬರಿಗೂ ಮುಖ, ಪ್ರತಿಯೊಬ್ಬರಿಗೂ ಒಂದು ಕೆಲಸ. ಆದರೂ ಯಾಕೆ ಕಿಕ್ಕಿರಿದು ಉಸಿರು ಕಟ್ಟುವುದಿಲ್ಲ? ಗೆರೆ ತಿಳಿಯಾಗಿರುವುದರಿಂದ. ಯಾವ ಆಕೃತಿಯ ಅಂಚೂ ಮಸುಕಿಲ್ಲ, ಗೆರೆಗಳ ನೇಯ್ಗೆ ಒಂದು ಕಡೆ ಬಿಗಿಯಾದರೆ ಪಕ್ಕದಲ್ಲಿ ಬಿಳಿ ಅಂಗಿಯೊಂದು ಸಡಿಲ ಬಿಟ್ಟಿರುತ್ತದೆ. ತುಂಬಿಸಿಯೂ ತಿಳಿಯಾಗಿಡುವುದು ಬಿಟ್ಟು ತಿಳಿಯಾಗಿಡುವುದಕ್ಕಿಂತ ಕಷ್ಟ. ಮೊದಲಿಗೇ ಆ ದಾರಿ ಹಿಡಿದವರು ದಾರಿ ತಪ್ಪುವುದೇ ಹೆಚ್ಚು.

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿಸಿಕೊಳ್ಳಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಕತೆ. ಅವರ ಕುಂಚದ ಗೆರೆ ದಪ್ಪದಿಂದ ಸಣ್ಣಕ್ಕೆ, ಸಣ್ಣದಿಂದ ದಪ್ಪಕ್ಕೆ ಓಡುತ್ತಲೇ ಇರುತ್ತದೆ. ಅವರ ಸಭೆ ಸಮಾರಂಭದ ಚಿತ್ರಗಳಲ್ಲಿ ಎಷ್ಟೇ ಜನ ಇದ್ದರೂ ಶ್ರೀಸಾಮಾನ್ಯ ತಕ್ಷಣ ಕಣ್ಣಿಗೆ ಬೀಳುವುದು ಅವನ ಚೌಕಳಿ ಕೋಟಿನಿಂದ. ಬರೀ ಹೊರಗೆರೆಯ ಜನರ ನಡುವೆ ಒಂದೇ ಒಂದು ಚೌಕಳಿ ತುಂಡು. ಬೀದಿಯ ಗುಂಪು ಬರೆಯುವವರು ಈ ಯುಕ್ತಿಯನ್ನು ಧಾರಾಳವಾಗಿ ಕಲಿಯಬಹುದು. ಪುಟಕ್ಕೆ ಒಬ್ಬರಿಗೆ ಮಾತ್ರ ಗೀಟಿನ ಅಂಗಿ, ಒಬ್ಬರಿಗೆ ಮಾತ್ರ ಬುಟ್ಟಿಯ ನೇಯ್ಗೆ.

ಉಡುಪಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಅದೇ ಜೆ.ಜೆ. ಶಾಲೆಯಲ್ಲಿ ಓದಿ, ಅಲ್ಲೇ ಪಾಠವನ್ನೂ ಮಾಡಿ, ಮುಂಬಯಿಯಲ್ಲೇ ನೆಲೆ ನಿಂತು 1996ರಲ್ಲಿ ತೀರಿಕೊಂಡರು. ನಮ್ಮ ಕರಾವಳಿಯ ಜನ ಈ ಊರಿಗೆ ತಂದದ್ದು ಅಂದರೆ ಹೋಟೆಲಿನ ಲೆಕ್ಕ ಮಾತ್ರ ಹೇಳುವವರು ಹೆಬ್ಬಾರರ ಗೆರೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ಕಥಕ್ ಕಲಿತ ಚಿತ್ರಕಾರ ಅವರು. ಹಾಗಾಗಿ ಅವರ ರೇಖಾಚಿತ್ರಗಳಲ್ಲಿ ಮೈ ಭಾರ ಯಾವ ಪಾದದ ಮೇಲಿದೆ ಅಂತ ಎಂದೂ ಅನುಮಾನ ಬರುವುದಿಲ್ಲ. ಮುಖ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಬೆನ್ನು, ತೋಳು, ಹೆಜ್ಜೆ ಒಂದೇ ಉಸಿರಿನಲ್ಲಿ ಬಂದಿರುತ್ತವೆ.

ಇವರೆಲ್ಲರಿಗಿಂತ ಸರಳವಾದ ಗುಂಪು ಬೇಕಾದರೆ ಮುಂಬಯಿಯ ಉತ್ತರಕ್ಕೆ ಡಹಾಣು, ತಲಾಸರಿ ಕಡೆ ವಾರ್ಲಿ ಬುಡಕಟ್ಟಿನವರು ಚಿತ್ರ ಬರೆದ ಗೋಡೆಗಳಿವೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ತುದಿ ಜಗಿದ ಬಿದಿರು ಕಡ್ಡಿಯೇ ಕುಂಚ. ಎರಡು ತ್ರಿಕೋನ ತುದಿ ಕೂಡಿಸಿದರೆ ಮೈ, ಒಂದು ಚುಕ್ಕೆ ತಲೆ. ಮೇಲಿನ ತ್ರಿಕೋನ ಎಷ್ಟು ವಾಲಿದೆ ಅನ್ನುವುದರಲ್ಲೇ ಕುಣಿತ, ಒಕ್ಕಣೆ, ಓಟ ಎಲ್ಲ ಇದೆ. ತಾರಪಾ ವಾದ್ಯ ಊದುವವನ ಸುತ್ತ ಸುರುಳಿಯಾಗಿ ಕುಣಿಯುವ ಸಾಲಿನಲ್ಲಿ ಹತ್ತಾರು ಮಂದಿ ಇದ್ದರೂ ಇಬ್ಬರ ನಡುವಿನ ಮಣ್ಣಿನ ಬಣ್ಣ ಕಾಣುವ ಸಂದು ಎಲ್ಲೂ ಮುಚ್ಚುವುದಿಲ್ಲ. ಜಿವ್ಯಾ ಸೋಮಾ ಮಶೆ ಅವರು ಇದನ್ನು ಗೋಡೆಯಿಂದ ಕಾಗದ ಬಟ್ಟೆಗಳಿಗೆ ತಂದು ಲೋಕಕ್ಕೆ ತೋರಿಸಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೈಯಲ್ಲಿ ಪೆನ್ನು ಹಿಡಿಯುವ ಮನಸ್ಸಿದ್ದವರಿಗೆ ಸಾಮಾನಿನ ಮಾತು. ಎರಡು ಪೆನ್ನು ಸಾಕು. ಮೈಕ್ರಾನ್ ಅನ್ನುವ ಫೈನ್‌ಲೈನರಿನ, ಅಂದರೆ ಸಣ್ಣ ತುದಿಯ ಪೆನ್ನಿನ, ಮೇಲೆ ಬರೆದ ಸಂಖ್ಯೆ ಮಿಲಿಮೀಟರ್ ಅಂತ ತಿಳಿಯಬೇಡಿ. ಮೈಕ್ರಾನ್ 01 ಅಂದರೆ 0.25 ಮಿ.ಮೀ., 05 ಅಂದರೆ 0.45. ಮುಂದಿನವರಿಗೆ 05, ಹಿಂದಿನವರಿಗೆ 01. ಒಂದೇ ಪೆನ್ನಿನಲ್ಲಿ ಎರಡೂ ಬೇಕಿದ್ದರೆ ತುದಿ ಮೇಲಕ್ಕೆ ಬಾಗಿದ ಫ್ಯೂಡೆ ನಿಬ್ಬಿನ ಶಾಯಿ ಪೆನ್ನು ಇದೆ. ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಮಲಗಿಸಿದರೆ ದಪ್ಪ. ಫೈನ್‌ಲೈನರಿನ ತುದಿ ಪ್ಲಾಸ್ಟಿಕ್ಕಿನದು. ಒರಟು ಜಲವರ್ಣ ಕಾಗದದ ಮೇಲೆ ಒತ್ತಿ ಬರೆದರೆ ಕೆಲವೇ ವಾರದಲ್ಲಿ ತುದಿ ಸವೆದು ಅಥವಾ ಒಳಸರಿದು ಗೆರೆ ಹರಕಲಾಗುತ್ತದೆ. ನುಣುಪಾದ 130ರಿಂದ 160 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ತೂಕದ ಅಳತೆ) ಕಾಗದ ಸರಿ. 80 ಜಿಎಸ್‌ಎಂ ಪ್ರಿಂಟರ್ ಹಾಳೆ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಅರಗು ಬೆರೆತ ಚಿತ್ರಶಾಯಿಯನ್ನು ಮಾತ್ರ ಶಾಯಿ ಪೆನ್ನಿಗೆ ತುಂಬಬೇಡಿ. ಒಳನಾಳದಲ್ಲಿ ಒಣಗಿ ಗಟ್ಟಿಯಾದರೆ ಪೆನ್ನು ಹೋದ ಹಾಗೆಯೇ. ಆ ಶಾಯಿ ಅದ್ದಿ ಬರೆಯುವ ನಿಬ್ಬಿಗೆ ಇರುವುದು. ಶಾಯಿ ಪೆನ್ನಿಗೆ ಅಂತಲೇ ಮಾಡಿದ ನೀರು ತಾಗದ ಪಿಗ್ಮೆಂಟ್ ಶಾಯಿಗಳಿವೆ. ಅವನ್ನೂ ವಾರಗಟ್ಟಲೆ ಬಳಸದೆ ಬಿಡಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಕಾಗದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಗಾಳಿಯ ಪಸೆ ಹೀರಿದ ಕಾಗದದಲ್ಲಿ ಶಾಯಿ ನಾರು ನಾರಾಗಿ ಹಬ್ಬಿ ಗೆರೆಯ ಅಂಚಿಗೆ ಕೂದಲು ಬಂದ ಹಾಗೆ ಕಾಣುತ್ತದೆ. ತಪ್ಪು ಪೆನ್ನಿನದ್ದಲ್ಲ. ಪುಸ್ತಕವನ್ನು ಜಿಪ್ ಚೀಲದಲ್ಲಿ ಸಿಲಿಕಾ ಪೊಟ್ಟಣದೊಂದಿಗೆ ಇಟ್ಟರೆ ಅರ್ಧ ತೊಂದರೆ ಕಳೆಯುತ್ತದೆ. ಮಳೆಗಾಲದ ಗುಂಪು ಬರೆಯಲು ಸುಲಭವೂ ಹೌದು, ಕೊಡೆಗಳು ತಲೆಗಳನ್ನೆಲ್ಲ ಮುಚ್ಚಿಬಿಡುತ್ತವೆ. ಸಾಮಾನ್ಯ ಕೊಡೆಗೆ ಎಂಟು ಕಡ್ಡಿ, ಒಂದು ಪಕ್ಕದಿಂದ ಕಾಣುವುದು ಮೂರೋ ನಾಲ್ಕೋ. ಕಡ್ಡಿ ಕಡ್ಡಿಯ ನಡುವೆ ಬಟ್ಟೆಯ ಅಂಚು ಒಳಗೆ ಜಗ್ಗುತ್ತದೆ, ಹೊರಗೆ ಉಬ್ಬುವುದಿಲ್ಲ. ಈ ಒಂದನ್ನು ತಪ್ಪಿ ಬರೆದರೆ ಕೊಡೆ ಹೋಗಿ ಅಣಬೆ ಬರುತ್ತದೆ.

ಪೆನ್ನಿನ ಗುಂಪಿಗೆ ಕ್ರಮ ಒಂದೇ, ಮುಂದಿನವರು ಮೊದಲು. ಅಳಿಸಲು ಬರುವುದಿಲ್ಲವಾದ್ದರಿಂದ ಹಿಂದಿನವರ ಗೆರೆ ಮುಂದಿನವರಿಗೆ ತಾಗಿದಲ್ಲಿ ನಿಲ್ಲಬೇಕು. ಮುಂದಿನವರು ಆಗಲೇ ಅಲ್ಲಿ ಇದ್ದರೆ ತಾನೇ ನಿಲ್ಲುವುದು? ಅಂದರೆ ಪುಟದ ತಳದಿಂದ ಮೇಲಕ್ಕೆ ಹೋಗಬೇಕು, ಅಂಗೈ ಹಸಿ ಶಾಯಿಯ ಮೇಲೇ ಉಜ್ಜುತ್ತದೆ. ಕೈ ಕೆಳಗೆ ಒಂದು ತುಂಡು ಕಾಗದ ಇಟ್ಟುಕೊಳ್ಳುವುದು ಇದಕ್ಕೇ. ಉಜ್ಜದೆ ಎತ್ತಿ ಇಡಬೇಕು, ಜಾರಿಸಬಾರದು.

ಸ್ಟೇಷನ್ನಿನಲ್ಲಿ ಲೋಕಲ್ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಒಬ್ಬನ ನಿಲುವು ಅದಕ್ಕಿಂತ ಬೇಗ ಬದಲಾಗುತ್ತದೆ. ಹೋದವನನ್ನು ನೆನಪಿನಿಂದ ಮುಗಿಸಲು ಹೆಣಗುವುದಕ್ಕಿಂತ ಅವನ ಭುಜದ ಗೆರೆಯ ಕೆಳಗೆ ಮುಂದೆ ಬಂದವನ ಕಾಲು ಹಚ್ಚುವುದು ಮೇಲು. ಒಳ್ಳೆಯ ಗುಂಪಿನ ಚಿತ್ರಗಳಲ್ಲಿ ಒಬ್ಬ ಮನುಷ್ಯ ಅನ್ನಿಸುವವನು ಬಹಳ ಸಲ ಮೂರು ಮಂದಿಯಿಂದ ಆದವನು. ತಲೆ ಒಬ್ಬನದು, ಬೆನ್ನ ಮೇಲಿರಬೇಕಾದ ಬ್ಯಾಗನ್ನು ಎದೆಗೆ ತಂದುಕೊಂಡ ತೋಳು ಇನ್ನೊಬ್ಬನದು, ಹೆಜ್ಜೆ ಮತ್ತೊಬ್ಬನದು. ಭಾರ ಸರಿಯಾಗಿ ಬಿದ್ದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಚಿತ್ರ ಮುಗಿಯುತ್ತಾ ಬಂದಾಗ ಕೈ ಕೆರೆಯುತ್ತದೆ, ಖಾಲಿ ಉಳಿದಲ್ಲೆಲ್ಲ ಅಡ್ಡಗೀಟು ತುಂಬೋಣ ಅಂತ. ಅದನ್ನು ತಡೆದ ಪುಟ ಯಾವುದು ಅಂತ ಗುರುತಿಸುವುದು ನನಗೆ ಬಹಳ ಪ್ರಿಯ. ಮೊದಲು ನೋಡಿದ ದಾದರ್ ಚಿತ್ರದ ಬಲ ತಳದ ಮೂಲೆಗೆ ಮತ್ತೊಮ್ಮೆ ಬನ್ನಿ. ಅಲ್ಲಿ ಸೇತುವೆಯ ಮೆಟ್ಟಿಲು ಇರಬೇಕು. ಮೆಟ್ಟಿಲಿನ ಗೆರೆ ಒಂದೂ ಇಲ್ಲ. ಇಳಿಯುತ್ತಿರುವ ನಾಲ್ಕು ಮಂದಿಯ ಪಾದಗಳು ಒಂದಕ್ಕಿಂತ ಒಂದು ಅರ್ಧ ಬೆರಳು ಕೆಳಗೆ ಕೂತಿವೆ, ಅದರಲ್ಲಿ ಒಂದು ಹಿಮ್ಮಡಿ ಎತ್ತಿದ ಚಪ್ಪಲಿ. ಅದರ ಕೆಳಗೆ ಬಿಳಿ ಕಾಗದ.